ಬೊಡ್ಡೆಗೆ ಟೇಪು ಹಿಡಿಯಬೇಕಾದದ್ದು ಮೇಲಲ್ಲ, ಬುಡದಲ್ಲಿ

ಮರ ಕಡಿಸಿದ ಮೇಲೆ ನೆಲದಲ್ಲಿ ಉಳಿಯುವ ಬೊಡ್ಡೆಯನ್ನು ಯಂತ್ರ ಹಾಕಿ ಪುಡಿ ಮಾಡುವುದು ನನ್ನ ಕೆಲಸ. ಫೋನ್ ಮಾಡುವ ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: "ಒಂದು ಬೊಡ್ಡೆ ತೆಗೆಯೋಕೆ ಎಷ್ಟಾಗುತ್ತೆ?" ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು "ಎಷ್ಟು ದಪ್ಪ ಇದೆ?" ಅಂತಷ್ಟೇ ಕೇಳುತ್ತಿದ್ದೆ. ಅವರು ಹೇಳಿದ ಅಳತೆಗೆ ಒಂದು ಮೊತ್ತ ಹೇಳಿಬಿಡುತ್ತಿದ್ದೆ. ಅದು ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗಿದ್ದು ಒಂದು ಮನೆಯ ಹಿತ್ತಲಲ್ಲಿ.

ಆ ಮನೆಯ ಅಮ್ಮ 45 ಸೆಂಟಿಮೀಟರ್ ಅಂದಿದ್ದರು. ಅವರು ಹೇಳಿದ್ದು ನಿಜವೇ. ಕಡಿದ ಮೇಲ್ಭಾಗಕ್ಕೆ ಟೇಪು ಹಿಡಿದರೆ ಸರಿಯಾಗಿ 45 ಬರುತ್ತಿತ್ತು. ಆದರೆ ಬೊಡ್ಡೆಯನ್ನು ಮೊಣಕಾಲೆತ್ತರ ಬಿಟ್ಟು ಕಡಿದಿದ್ದರು. ಕೆಳಗೆ ಬರುತ್ತಾ ಬರುತ್ತಾ ಅದು ಅಗಲವಾಗಿತ್ತು. ನಾನು ಮಂಡಿಯೂರಿ ಕೂತು ಬುಡದ ಸುತ್ತ ಇದ್ದ ಒಣ ಎಲೆ, ಸಡಿಲ ಮಣ್ಣು ಎಲ್ಲ ಕೈಯಿಂದ ಸರಿಸಿದೆ. ಹೆಬ್ಬೆರಳಿಗಿಂತ ದಪ್ಪ ಬೇರುಗಳು, ತೊಡೆಯಷ್ಟು ದಪ್ಪ ಬೇರುಗಳು, ಕೋಳಿ ಕಾಲಿನ ಬೆರಳಿನ ಹಾಗೆ ಸುತ್ತಲೂ ಚಾಚಿಕೊಂಡಿದ್ದವು. ಬುಡದಿಂದ ಬೇರು ಬಿಚ್ಚಿಕೊಳ್ಳುವ ಆ ಅಂಚಿನಿಂದ ಅಂಚಿಗೆ ಟೇಪು ಎಳೆದೆ. 90 ಬಂತು.

ಅಗಲ ಎರಡು ಪಟ್ಟಾದರೆ ಕೂಲಿಯೂ ಎರಡು ಪಟ್ಟು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಯಂತ್ರ ಆ ವೃತ್ತದ ಪೂರ್ತಿ ಹರವನ್ನು ಕೆರೆಯಬೇಕು. 45 ಸೆಂಟಿಮೀಟರ್ ಅಗಲದ ವೃತ್ತ ಅಂದರೆ ಸುಮಾರು 1,590 ಚದರ ಸೆಂಟಿಮೀಟರ್. 90 ಅಂದರೆ ಸುಮಾರು 6,360. ನಾಲ್ಕು ಪಟ್ಟು. ಬೇರುಗಳ ನಡುವೆ ಒಂದಿಷ್ಟು ಮಣ್ಣೂ ಇರುತ್ತೆ, ಹಾಗಾಗಿ ಪೂರ್ತಿ ನಾಲ್ಕು ಪಟ್ಟು ಕೆಲಸ ಆಗಲಿಲ್ಲ. ಆದರೂ ಅವತ್ತು ನಾನು ಅಂದುಕೊಂಡಿದ್ದಕ್ಕಿಂತ ಮೂರು ಪಟ್ಟು ಹೊತ್ತು ಹಿಡಿಯಿತು.

ಕೆಲಸ ಶುರು ಮಾಡುವ ಮೊದಲು ನಾನು ಜಾಸ್ತಿ ಕೇಳಿದೆ. ಆ ಅಮ್ಮನ ಮುಖ ಇಳಿದುಹೋಯಿತು. "ನೀವೇ ಅಲ್ವಾ ಹೇಳಿದ್ದು?" ಅಂದರು. ಹೌದು, ನಾನೇ ಹೇಳಿದ್ದು. ಎಲ್ಲಿ ಅಳೆಯಬೇಕು ಅಂತ ಅವರಿಗೆ ಗೊತ್ತಿರಬೇಕಾಗಿರಲಿಲ್ಲ, ನನಗೆ ಗೊತ್ತಿರಬೇಕಿತ್ತು. ಹೇಳಿದ ಮೊತ್ತಕ್ಕೇ ಮಾಡಿಕೊಟ್ಟೆ. ದಿನವಿಡೀ ದುಡಿದು ಕೈಗೆ ಏನೂ ಉಳಿಯಲಿಲ್ಲ. ಅದಕ್ಕಿಂತ, ಒಬ್ಬರಿಗೆ ಮೋಸ ಹೋದೆನೇನೋ ಅನ್ನಿಸುವ ಹಾಗೆ ಮಾಡಿದೆ ಅನ್ನೋದು ತುಂಬಾ ದಿನ ಕೊರೆಯಿತು.

ಈಗ ಫೋನಿನಲ್ಲಿ ಮೊತ್ತ ಹೇಳುವುದಿಲ್ಲ. ಬುಡದ ಮಣ್ಣು ಸರಿಸಿ, ನೆಲದ ಮಟ್ಟದಲ್ಲಿ ಅತಿ ಅಗಲ ಇರುವ ಕಡೆ ಟೇಪು ಇಟ್ಟು ಒಂದು ಫೋಟೊ ಕಳಿಸಿ ಅನ್ನುತ್ತೇನೆ. ಜೊತೆಗೆ ಗೇಟಿನ ಅಗಲ ಕೇಳುತ್ತೇನೆ. ಗೇಟಿಗೂ ಬೊಡ್ಡೆಗೂ ಏನು ಸಂಬಂಧ ಅಂತ ಕೆಲವರಿಗೆ ಆಶ್ಚರ್ಯ ಆಗುತ್ತೆ. ದೊಡ್ಡ ಯಂತ್ರ ಒಳಗೆ ಬಂದರೆ ಅರ್ಧ ಗಂಟೆಯ ಕೆಲಸ. ಅದು ಬರಲ್ಲ, ಒಬ್ಬರೇ ತಳ್ಳಿಕೊಂಡು ಹೋಗುವ ಚಿಕ್ಕ ಯಂತ್ರವೇ ಬೇಕು ಅಂದರೆ ಅದೇ ಬೊಡ್ಡೆಗೆ ಅರ್ಧ ದಿನ ಬೇಕಾಗಬಹುದು. ಮೆಟ್ಟಿಲು, ಇಳಿಜಾರು, ಮೆತ್ತನೆ ಕೆಸರು ನೆಲ ಇದ್ದರೂ ಅಷ್ಟೇ. ಬೊಡ್ಡೆ ಚಿಕ್ಕದಿದ್ದು ಕೂಲಿ ಜಾಸ್ತಿ ಆಗುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳಿದರೆ ಉಳಿದದ್ದು ಸುಲಭವಾಗಿ ಅರ್ಥ ಆಗುತ್ತೆ. ಮುಂದೆ ಒಂದು ಉಕ್ಕಿನ ಚಕ್ರ ಇರುತ್ತೆ. ಅದರ ಅಂಚಿಗೆ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಹಲ್ಲುಗಳು. ಚಕ್ರ ಜೋರಾಗಿ ತಿರುಗುತ್ತಾ ಎಡಕ್ಕೂ ಬಲಕ್ಕೂ ಸರಿಯುತ್ತೆ, ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಯುತ್ತೆ. ಕಾರ್ಬೈಡ್ ತುಂಬಾ ಗಟ್ಟಿ, ಆದರೆ ಪೆಡಸು. ಮರವನ್ನು ಸಲೀಸಾಗಿ ತಿನ್ನುವ ಹಲ್ಲು ಕಲ್ಲಿಗೋ ಕಬ್ಬಿಣಕ್ಕೋ ತಾಗಿದರೆ ಚಕ್ಕಂತ ಮುರಿಯುತ್ತೆ. ಒಂದು ಹಲ್ಲು ಮೊಂಡಾದರೆ ಪಕ್ಕದ ಹಲ್ಲಿನ ಮೇಲೆ ಭಾರ ಬೀಳುತ್ತೆ, ಆಮೇಲೆ ಅದೂ ಹೋಗುತ್ತೆ. ಮರದ ಜಾತಿ ಗಟ್ಟಿಯಾದಷ್ಟೂ ಹೊತ್ತು ಜಾಸ್ತಿ ಬೇಕು, ನಿಜ. ಆದರೆ ನಮ್ಮ ಖರ್ಚನ್ನು ಏರಿಸುವುದು ಮರಕ್ಕಿಂತ ಮರದ ಸುತ್ತಲಿನ ಕಲ್ಲು.

ಕಬ್ಬಿಣದ ವಿಷಯ ಬೇರೆಯೇ. ಒಮ್ಮೆ ಬೇಲಿ ಪಕ್ಕದ ಹಳೇ ಬೊಡ್ಡೆ ಒಂದರಲ್ಲಿ ಕೆಲಸ ಮಾಡುತ್ತಿದ್ದೆ. ಸದ್ದು ಒಂದೇ ಸಮನೆ ಗರಗರ ಅನ್ನುತ್ತಿತ್ತು. ಇದ್ದಕ್ಕಿದ್ದ ಹಾಗೆ ಟಣ್ ಅಂತು, ಒಂದು ಕಿಡಿ ಹಾರಿತು. ತಕ್ಷಣ ನಿಲ್ಲಿಸಿದೆ. ಚಕ್ಕೆ ಎಲ್ಲ ಬಾಚಿ ನೋಡಿದರೆ ಮರದ ಒಳಗೆ, ತೊಗಟೆಯಿಂದ ಒಂದು ಗೇಣು ಆಳದಲ್ಲಿ, ಬೆರಳು ದಪ್ಪದ ಕಬ್ಬಿಣದ ಕೊಂಡಿ. ಯಾವ ಕಾಲದಲ್ಲೋ ಯಾರೋ ಗೇಟು ನೇತುಹಾಕಲು ಮರಕ್ಕೆ ಹೊಡೆದದ್ದು. ಮರ ದಪ್ಪವಾಗುವುದು ತೊಗಟೆಯ ಕೆಳಗಿನ ಪದರದಿಂದ. ವರ್ಷ ವರ್ಷ ಹೊಸ ಮರ ಹೊರಗೆ ಸೇರುತ್ತಾ ಹೋಗುತ್ತೆ, ಹೊಡೆದ ಮೊಳೆ ಇದ್ದಲ್ಲೇ ಇದ್ದು ಒಳಗೆ ಹೂತುಹೋಗುತ್ತೆ. ಹೊರಗಿನಿಂದ ಒಂದು ಕಲೆಯೂ ಕಾಣುತ್ತಿರಲಿಲ್ಲ. ಮೂರು ಹಲ್ಲು ಹೋದವು. ಅಂದಿನಿಂದ ಈ ಮರಕ್ಕೆ ಯಾವಾಗಲಾದರೂ ತಂತಿ, ಮೊಳೆ, ಉಯ್ಯಾಲೆ, ಬಟ್ಟೆ ಒಣಹಾಕುವ ಹಗ್ಗದ ಕೊಕ್ಕೆ ಹೊಡೆದಿದ್ದಿರಾ ಅಂತ ಕೇಳುತ್ತೇನೆ. ಮನೆಯ ಹಿರಿಯರನ್ನು ಕೇಳಿದರೆ ಸಾಮಾನ್ಯವಾಗಿ ನೆನಪಿರುತ್ತೆ. ಟೊಳ್ಳು ಬೊಡ್ಡೆ ಆಗಿದ್ದರೆ ಒಳಗೆ ಯಾರಾದರೂ ಸಿಮೆಂಟ್ ತುಂಬಿದ್ದಾರಾ ಅಂತಲೂ ಕೇಳುತ್ತೇನೆ, ಹಿಂದೆ ಹಾಗೆ ತುಂಬುವುದು ರೂಢಿಯಲ್ಲಿತ್ತು.

ನೆಲದ ಕೆಳಗಿನ ಪೈಪು, ಕೇಬಲ್ಲುಗಳ ವಿಚಾರದಲ್ಲಿ ನಾನು ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ನೀರು, ಗ್ಯಾಸು, ಕರೆಂಟು ಎಲ್ಲಿ ಹೋಗಿದೆ ಅಂತ ಗುರುತು ಹಾಕಿಸುವ ತನಕ ಯಂತ್ರ ಇಳಿಸಲ್ಲ. ಇವತ್ತು ಬೇಡ, ಗುರುತು ಹಾಕಿಸಿ ಕರೆಯಿರಿ ಅಂತ ವಾಪಸ್ ಬಂದದ್ದೂ ಇದೆ. ಚಕ್ಕೆ, ಕಲ್ಲು ದೂರಕ್ಕೆ ಚಿಮ್ಮುತ್ತವೆ. ಹಾಗಾಗಿ ಮಕ್ಕಳು, ನಾಯಿ ಒಳಗಿರಲಿ, ಕಿಟಕಿ ಹತ್ತಿರ ಇದ್ದರೆ ಹಲಗೆ ಅಡ್ಡ ಇಡಲು ಬಿಡಿ.

ಎಷ್ಟು ಆಳ ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಮೇಲೆ ಹುಲ್ಲು ಬೆಳೆಸಲು ನೆಲದಿಂದ 15 ಸೆಂಟಿಮೀಟರ್ ಕೆಳಗೆ ಹೋದರೆ ಸಾಕು. ಗಿಡ ನೆಡಬೇಕು ಅಂದರೆ 30 ಅಥವಾ ಇನ್ನೂ ಕೆಳಗೆ ಹೋಗಬೇಕು, ಅದಕ್ಕೆ ತಕ್ಕ ಹಾಗೆ ಕೂಲಿ ಏರುತ್ತೆ. ಅಲ್ಲಿ ಗೋಡೆ ಕಟ್ಟುತ್ತೇವೆ ಅಂದವರಿಗೆ ನಾನು ಕೆಲಸ ಬೇಡ ಅನ್ನುತ್ತೇನೆ. ಪುಡಿ ಮಾಡಿದರೆ ಹೋಗುವುದು ಬೊಡ್ಡೆ ಮಾತ್ರ, ದೂರ ಹರಡಿದ ಬೇರುಗಳು ಹಾಗೇ ಉಳಿಯುತ್ತವೆ. ಅವು ಕೊಳೆತು ಮಣ್ಣು ಕುಸಿಯುತ್ತೆ. ಅಂಥ ಕಡೆ ಬುಡಸಮೇತ ಅಗೆದು ತೆಗೆಸಬೇಕು. ಹಾಗೆ ಕಿತ್ತು ತೆಗೆಸುವುದಾದರೆ ಮರ ಕಡಿಯುವಾಗ ಬೊಡ್ಡೆಯನ್ನು ಎತ್ತರವಾಗಿಯೇ ಬಿಡಿಸಿ, ಹಗ್ಗ ಕಟ್ಟಿ ಎಳೆಯಲು ಅದೇ ಹಿಡಿ. ಪುಡಿ ಮಾಡಿಸುವುದಾದರೆ ನೆಲಕ್ಕೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಕಡಿಸಿ. ಮರ ಕಡಿಯುವವರ ಗರಗಸಕ್ಕೆ ಅದು ಐದು ನಿಮಿಷದ ಕೆಲಸ, ನನ್ನ ಯಂತ್ರಕ್ಕೆ ಎಷ್ಟೋ ಪಟ್ಟು ಜಾಸ್ತಿ. ಮರ ಕಡಿಸುವ ದಿನವೇ ಈ ಮಾತು ಆಡಿದರೆ ನಿಮ್ಮ ದುಡ್ಡು ನಿಜಕ್ಕೂ ಉಳಿಯುತ್ತೆ.

ಇನ್ನು ಚಕ್ಕೆಯ ರಾಶಿ. ಜಗಳ ಆಗುವುದೇ ಇಲ್ಲಿ. 60 ಸೆಂಟಿಮೀಟರ್ ಅಗಲದ ಬೊಡ್ಡೆಯನ್ನು 30 ಸೆಂಟಿಮೀಟರ್ ಆಳಕ್ಕೆ ಪುಡಿ ಮಾಡಿದರೆ ಸುಮಾರು 85 ಲೀಟರ್ ಗಟ್ಟಿ ಮರ. ಅದು ಚಕ್ಕೆಯಾಗಿ ಸಡಿಲವಾದಾಗ ಎರಡು ಪಟ್ಟಿಗಿಂತ ಜಾಸ್ತಿ ಉಬ್ಬುತ್ತೆ, ಮೇಲೆ ಮಣ್ಣೂ ಸೇರಿಕೊಳ್ಳುತ್ತೆ. ಗುಂಡಿ ತುಂಬಿದ ಮೇಲೂ ಗುಡ್ಡೆ ಉಳಿಯುತ್ತೆ. ಅದನ್ನು ಸಾಗಿಸಿ, ಗುಂಡಿಗೆ ಹೊಸ ಮಣ್ಣು ತುಂಬುವುದು ಇನ್ನೊಂದು ಕೆಲಸ, ಅದರ ಕೂಲಿಯೂ ಬೇರೆ. ಇದನ್ನು ಮೊದಲೇ ಹೇಳದೆ ಇದ್ದದ್ದಕ್ಕೆ ನಾನು ಎಷ್ಟೋ ಸಲ ಮಾತು ಕೇಳಿದ್ದೇನೆ, ಕೇಳಬೇಕಾದದ್ದೇ. ಈಗ ಚೀಟಿಯಲ್ಲಿ ಎರಡನ್ನೂ ಬೇರೆ ಬೇರೆ ಬರೆದುಕೊಡುತ್ತೇನೆ. ಚಕ್ಕೆ ನೀವೇ ಇಟ್ಟುಕೊಂಡರೆ ಆ ಖರ್ಚೇ ಇಲ್ಲ. ಗಿಡಗಳ ಸುತ್ತ ಮೇಲೆ ಹಾಸಿದರೆ ತೇವ ಹಿಡಿದಿಡುತ್ತೆ. ಮಣ್ಣಿನ ಒಳಗೆ ಬೆರೆಸಬೇಡಿ, ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹೀರಿಕೊಂಡು ಗಿಡ ಹಳದಿಯಾಗುತ್ತೆ. ಮರ ರೋಗ ಬಂದು ಸತ್ತಿದ್ದರೆ ಆ ಚಕ್ಕೆಯನ್ನು ತೋಟದಲ್ಲಿ ಉಳಿಸಿಕೊಳ್ಳಲೇಬೇಡಿ.

ಖರ್ಚು ಬೇಡ ಅಂತ ಬೆಂಕಿ ಹಚ್ಚಬಹುದಾ ಅಂತ ಕೇಳುವವರಿದ್ದಾರೆ. ದಯವಿಟ್ಟು ಬೇಡ. ಬೇರಿನ ಉದ್ದಕ್ಕೂ ನೆಲದ ಕೆಳಗೆ ಕೆಂಡ ದಿನಗಟ್ಟಲೆ ಹಾಗೇ ಇರುತ್ತೆ, ಎಲ್ಲಿ ಮೇಲೆ ಬರುತ್ತೋ ಹೇಳಲಾಗಲ್ಲ. ಅವಸರ ಇಲ್ಲದಿದ್ದರೆ ಬೊಡ್ಡೆಗೆ ರಂಧ್ರ ಕೊರೆದು, ಒದ್ದೆಯಾಗಿಟ್ಟು, ಮಣ್ಣು ಮುಚ್ಚಿ ಬಿಡಿ. ವರ್ಷಗಳೇ ಹಿಡಿದರೂ ತಾನೇ ಮೆತ್ತಗಾಗುತ್ತೆ. ಎರಡು ಮೂರು ಬೊಡ್ಡೆ ಇದ್ದರೆ ಒಂದೇ ದಿನ ಮಾಡಿಸಿ. ಯಂತ್ರ ತರುವ ಖರ್ಚು ಒಂದಕ್ಕೂ ಮೂರಕ್ಕೂ ಒಂದೇ.

ಹೋದ ತಿಂಗಳು ಆ 45 ಸೆಂಟಿಮೀಟರಿನ ಅಮ್ಮ ಮತ್ತೆ ಫೋನ್ ಮಾಡಿದರು. ಮನೆ ಮುಂದಿನ ಇನ್ನೊಂದು ಮರ ಒಣಗಿ ಹೋಗಿತ್ತಂತೆ. ಫೋಟೊ ಕಳಿಸಿ ಅನ್ನುವ ಮೊದಲೇ ಕಳಿಸಿದ್ದರು. ನೆಲಕ್ಕೆ ಸಮನಾಗಿ ಕಡಿಸಿದ್ದರು. ಬುಡದ ಸುತ್ತ ಮಣ್ಣು ಕೆದಕಿ, ಬೇರಿನ ಅಂಚಿನಿಂದ ಅಂಚಿಗೆ ಟೇಪು ಎಳೆದು, ಎರಡೂ ತುದಿಗೆ ಒಂದೊಂದು ಕಲ್ಲು ಇಟ್ಟಿದ್ದರು. 70. ನಾನು ಹೋಗಿ ಅಳೆದಾಗಲೂ 70 ಬಂತು. ಹೇಳಿದ ಮೊತ್ತಕ್ಕೆ, ಹೇಳಿದ ಹೊತ್ತಿನಲ್ಲಿ ಕೆಲಸ ಮುಗಿಯಿತು. ಚಕ್ಕೆಯನ್ನು ಅವರೇ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಹಿತ್ತಲ ಗಿಡಗಳ ಸುತ್ತ ಹಾಸಿದರು.