'ಗಟ್ಟಿಯಾದೆವು' ಎಂಬ ಮಾತು

ಹಳೆಯ ವಿದ್ಯಾರ್ಥಿಗಳಿಂದ ನೆನಪು ಬರೆಸಿದರೆ ಹಾಸ್ಟೆಲಿನ ಪ್ರಸ್ತಾಪ ಬಂದೇ ಬರುತ್ತದೆ. 'ಸೀನಿಯರ್‌ಗಳು ಸ್ವಲ್ಪ ಕಾಡಿದರು, ಆದರೆ ಅದರಿಂದಲೇ ಗಟ್ಟಿಯಾದೆವು' ಎಂಬ ಮಾತೂ ಅದರ ಬೆನ್ನಿಗೇ ಇರುತ್ತದೆ. ಈ ಸಂಚಿಕೆಗೆ ನನ್ನ ಪಾಲಿನ ನೆನಪಿನ ಬದಲು ಆ ಮಾತನ್ನೇ ಸ್ವಲ್ಪ ಬಿಡಿಸಿ ನೋಡುತ್ತೇನೆ.

1959ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆರನ್‌ಸನ್ ಮತ್ತು ಮಿಲ್ಸ್ 63 ಕಾಲೇಜು ವಿದ್ಯಾರ್ಥಿನಿಯರ ಮೇಲೆ ಒಂದು ಪ್ರಯೋಗ ಮಾಡಿದರು. ಚರ್ಚಾಗುಂಪೊಂದಕ್ಕೆ ಸೇರಲು ಕೆಲವರು ನಾಚಿಕೆಗೇಡಿನ ಪದಗಳನ್ನು ಗಟ್ಟಿಯಾಗಿ ಓದಬೇಕಿತ್ತು, ಕೆಲವರಿಗೆ ಹಗುರವಾದ ಪರೀಕ್ಷೆ, ಉಳಿದವರಿಗೆ ಏನೂ ಇಲ್ಲ. ಬಳಿಕ ಕೇಳಿಸಿದ ಚರ್ಚೆ ಬೇಕೆಂದೇ ನೀರಸವಾಗಿತ್ತು. ಅದನ್ನು ಹೆಚ್ಚು ಮೆಚ್ಚಿದವರು ಹೆಚ್ಚು ಮುಜುಗರ ಪಟ್ಟವರೇ. ಪಟ್ಟ ಪಾಡು ವ್ಯರ್ಥವೆಂದು ಒಪ್ಪಿಕೊಳ್ಳುವುದು ಕಷ್ಟ. ಅದಕ್ಕಿಂತ ಪಾಡು ಪಟ್ಟು ಸೇರಿದ ಜಾಗ ಒಳ್ಳೆಯದೆಂದು ನಂಬುವುದು ಸುಲಭ. 'ಗಟ್ಟಿಯಾದೆವು' ಎನ್ನುವವರು ಸುಳ್ಳು ಹೇಳುತ್ತಿಲ್ಲ, ಹಾಗೆಂದು ಅದು ಸಾಕ್ಷಿಯೂ ಅಲ್ಲ.

ಮನಸ್ಸಿನ ಈ ಆಟ ಒಂದು ವ್ಯವಸ್ಥೆಯಾಗಿ ಬೆಳೆದದ್ದನ್ನು ನೋಡಬೇಕೆಂದರೆ ಸೋವಿಯತ್ ಸೇನೆಯ ಬ್ಯಾರಕ್ಕುಗಳಿಗೆ ಹೋಗಬೇಕು. 1967ರ ಕಾಯ್ದೆ ಭೂಸೇನೆಯ ಕಡ್ಡಾಯ ಸೇವೆಯನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಿ, ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಶರತ್ತಿನಲ್ಲಿ, ಹುಡುಗರನ್ನು ಕರೆಸುವ ಕ್ರಮ ತಂದಿತು. ಹಾಗಾಗಿ ಆರಾರು ತಿಂಗಳ ಅಂತರದ ನಾಲ್ಕು ತಂಡಗಳು ಒಂದೇ ಸೂರಿನಡಿ ಮಲಗತೊಡಗಿದವು. ಕೊನೆಯ ಆರು ತಿಂಗಳಿನವರು 'ದೆದ್', ಅಂದರೆ ಅಜ್ಜಂದಿರು. ನೆಲ ಒರೆಸುವುದು, ಅಡುಗೆಮನೆಯ ಪಾಳಿ, ಅಜ್ಜನ ಹಾಸಿಗೆ, ಅಜ್ಜನ ಬೂಟು ಎಲ್ಲವೂ ಹೊಸಬರ ತಲೆಗೆ. ಸಮವಸ್ತ್ರದ ಕಾಲರಿನ ಒಳಗೆ ದಿನವೂ ಶುಭ್ರವಾದ ಬಿಳಿ ಪಟ್ಟಿ ಹೊಲಿದುಕೊಳ್ಳಬೇಕೆಂಬ ನಿಯಮವಿತ್ತು. ಹೊಸಬ ತನ್ನದನ್ನಷ್ಟೇ ಅಲ್ಲ, ಅಜ್ಜನದನ್ನೂ ಹೊಲಿಯುತ್ತಿದ್ದ, ಅದೂ ನಿದ್ದೆಯ ಹೊತ್ತಿನಲ್ಲಿ. ಮನೆಯಿಂದ ಬಂದ ಪಾರ್ಸಲ್ಲೂ ಅಜ್ಜಂದಿರ ಪಾಲು.

ಇಲ್ಲಿ ಜಾತಿ, ಹಣ, ಓದು, ತೋಳ್ಬಲ ಯಾವುದೂ ಮುಖ್ಯವಲ್ಲ. ಸೇರಿದ ತಾರೀಕು ಮುಖ್ಯ. ವ್ಯವಸ್ಥೆ ಇಷ್ಟು ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ. ಇಂದು ಬೂಟು ಒರೆಸುವವನು ಮುಂದೊಂದು ದಿನ ಒರೆಸಿಕೊಳ್ಳುವವನು. ಅರ್ಧ ದಾರಿ ಸವೆಸಿದವನಿಗೆ ಇದನ್ನು ನಿಲ್ಲಿಸುವುದೆಂದರೆ ಕೊಟ್ಟದ್ದನ್ನು ಕಳೆದುಕೊಂಡಂತೆ. 'ಇಲ್ಲ' ಎಂದವನಿಗೆ ಎಲ್ಲರಿಗಿಂತ ಹೆಚ್ಚು ಏಟು ಬೀಳುವುದೂ ಇದಕ್ಕೇ: ಅವನು ಒಬ್ಬ ಸೀನಿಯರ್‌ಗೆ ಎದುರಾಡಿದ್ದಲ್ಲ, ಸರದಿಯಲ್ಲಿ ನಿಂತ ಎಲ್ಲರ ನಾಳೆಗೆ ಕೈಹಾಕಿದ್ದು.

ಅಧಿಕಾರಿಗಳು ಕುರುಡರೇನೂ ಅಲ್ಲ. ಸಾರ್ಜೆಂಟ್‌ಗಳೂ ಕಡ್ಡಾಯ ಸೇವೆಯ ಹುಡುಗರೇ, ಆರು ತಿಂಗಳ ತರಬೇತಿ ಪಡೆದು ಬಂದವರು. ಸೇನೆಯನ್ನೇ ವೃತ್ತಿ ಮಾಡಿಕೊಂಡ ಅನುಭವಿ ಸಾರ್ಜೆಂಟ್‌ಗಳ ಪಡೆ ಅಲ್ಲಿರಲಿಲ್ಲ. ಸಂಜೆ ಅಧಿಕಾರಿ ಮನೆಗೆ ಹೊರಟರೆ ಬೆಳಗಿನ ತಪಾಸಣೆಗೆ ಬ್ಯಾರಕ್ ಥಳಥಳಿಸುವಂತೆ ನೋಡಿಕೊಳ್ಳುವವರು ಅಜ್ಜಂದಿರೇ. ದೂರು ದಾಖಲಾದರೆ ಕಪ್ಪುಚುಕ್ಕೆ ಬೀಳುವುದು ಅಧಿಕಾರಿಯ ಕಡತಕ್ಕೆ. ಹೀಗಾಗಿ ನೆಲ ಸ್ವಚ್ಛವಾಗಿದ್ದರೆ ಸಾಕು, ಒರೆಸಿದ್ದು ಯಾರೆಂದು ಕೇಳುವವರಿಲ್ಲ.

2008ರಿಂದ ರಷ್ಯಾದಲ್ಲಿ ಸೇವೆ ಒಂದೇ ವರ್ಷ. ಅಜ್ಜನಾಗಲು ಸಮಯವೇ ಸಾಲದಾಗಿ ಹಳೆಯ ಏಣಿ ಸಡಿಲಾಯಿತು. ಆದರೆ ರಾತ್ರಿಯ ಬ್ಯಾರಕ್ಕಿಗೆ ಹೊಣೆಗಾರರಿಲ್ಲದ ಕಡೆ ಒಂದೇ ಪ್ರಾಂತ್ಯದವರ ಗುಂಪುಗಳು ಆ ಜಾಗ ಹಿಡಿಯುತ್ತವೆ. ಸೋವಿಯತ್ ಕಾಲದಲ್ಲೂ ಅವು ಇದ್ದವು. ಏಣಿ ತೆಗೆದರೆ ಸಾಲದು, ರಾತ್ರಿಗೊಬ್ಬ ಯಜಮಾನನೂ ಬೇಕು.

ಹಾಸ್ಟೆಲಿಗೆ ಇದರಿಂದ ತಿಳಿಯುವುದು ಸರಳ. ಭಾಷಣ, ಭಿತ್ತಿಪತ್ರಗಳಿಗಿಂತ ಕೋಣೆ ಹಂಚುವ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ಹೊಸಬರಿಗೆ ಬೇರೆ ಕಟ್ಟಡ ಕೊಡಿ ಎಂದು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2009ರ ರ‍್ಯಾಗಿಂಗ್ ತಡೆ ನಿಯಮ ಹೇಳುವುದು ಸರಿಯಾಗಿಯೇ ಇದೆ. ತಪ್ಪಿತಸ್ಥರು ಸಿಗದಿದ್ದರೆ ಸಾಮೂಹಿಕ ಶಿಕ್ಷೆ ಎಂಬ ಅದೇ ನಿಯಮದ ಇನ್ನೊಂದು ಮಾತು ನನಗೆ ಒಪ್ಪಿಗೆಯಿಲ್ಲ. ಅದು ಸೀನಿಯರ್‌ಗಳನ್ನು ಇನ್ನಷ್ಟು ಒಗ್ಗೂಡಿಸುತ್ತದೆ, ಬಾಯಿಬಿಟ್ಟ ಹುಡುಗನನ್ನು ಎಲ್ಲರ ಶತ್ರು ಮಾಡುತ್ತದೆ. ಕೆಲಸದ ಪಾಳಿ ಹೆಸರುಹೆಸರಾಗಿ ಗೋಡೆಯ ಮೇಲಿರಬೇಕು, ಅದಕ್ಕೆ ಸಹಿ ಹಾಕುವವರು ಸಿಬ್ಬಂದಿಯಾಗಿರಬೇಕು, ವಿದ್ಯಾರ್ಥಿ ನಾಯಕನಲ್ಲ. ದೂರು ಪೆಟ್ಟಿಗೆಯನ್ನು ಮೆಸ್ ಬಾಗಿಲಲ್ಲಿ ತೂಗುಹಾಕಿದರೆ ಯಾರು ಚೀಟಿ ಹಾಕಿದರೆಂದು ಊಟಕ್ಕೆ ನಿಂತ ಸಾಲೇ ನೋಡುತ್ತದೆ.

ವಾರ್ಡನ್‌ಗೆ ಹಗಲಲ್ಲೇ ಕಾಣುವ ಸೂಚನೆಗಳೂ ಇವೆ: ಒಬ್ಬನೇ ಹುಡುಗ ಮೂರು ಅಳತೆಯ ಅಂಗಿ ಒಗೆಯುವುದು, ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುವುದು, ಮನೆಯಿಂದ ಹಣ ಬಂದ ಬೆನ್ನಿಗೇ ಸಾಲ ಕೇಳುವುದು. ಅವನೊಬ್ಬನನ್ನೇ ಕರೆದು ವಿಚಾರಿಸಿದರೆ ಏನೂ ಇಲ್ಲ ಎನ್ನುತ್ತಾನೆ, ಅಷ್ಟಕ್ಕೇ ರಾತ್ರಿ ಪೆಟ್ಟೂ ತಿನ್ನುತ್ತಾನೆ. ಕೇಳುವುದಾದರೆ ಹೊಸಬರೆಲ್ಲರನ್ನೂ ಒಂದೇ ದಿನ ಒಬ್ಬೊಬ್ಬರಾಗಿ ಕರೆದು, ಹೇಳಲು ಏನೂ ಇಲ್ಲದವನನ್ನೂ ಸೇರಿಸಿ ಎಲ್ಲರನ್ನೂ ಅಷ್ಟಷ್ಟೇ ಹೊತ್ತು ಒಳಗೆ ಕೂರಿಸಬೇಕು. ಆಗ ಹೇಳಿದವನು ಯಾರೆಂದು ಹೊರಗೆ ಕಾಯುವವರಿಗೆ ಲೆಕ್ಕ ಸಿಗುವುದಿಲ್ಲ.