ಅರವತ್ತು ಗಂಟೆಯ ಮಾತು ಒಂದು ಜಿಬಿಯೊಳಗೆ: ನಾಲ್ಕನೆಯ ವಾರ

ನನ್ನ ಬಳಿ ಇರುವ ಉಪನ್ಯಾಸಗಳು, ಮೂರನ್ನು ಬಿಟ್ಟರೆ, ಎಲ್ಲವೂ ಧ್ವನಿಯನ್ನು ಹಿಂಡದೆ ಇಟ್ಟ ವೇವ್ ಕಡತಗಳು. ಸೆಕೆಂಡಿಗೆ 44,100 ಮಾದರಿ, 16 ಬಿಟ್, ಸ್ಟೀರಿಯೊ. ಗಂಟೆಗೆ ಸುಮಾರು 635 ಎಂಬಿಯಂತೆ ಅರವತ್ತು ಗಂಟೆಗೆ 38 ಜಿಬಿ. ಇದನ್ನು ಒಂದು ಜಿಬಿಯೊಳಗೆ ಇಳಿಸುವುದು ನನ್ನ ಗುರಿ. ಮಾತನಾಡುವವರು ಒಬ್ಬರೇ, ಎರಡು ಚಾನೆಲ್ ಏಕೆಂದು ಮೊದಲು ಎರಡನ್ನೂ ಕೂಡಿಸಿ ಎಲ್ಲವನ್ನೂ ಒಂದೇ ಚಾನೆಲಿನ ಮೊನೊ ಮಾಡಲು ಹೊರಟೆ. ಎಡವಿದ್ದು ಅಲ್ಲೇ.

ಹದಿನಾಲ್ಕನೆಯ ಕಡತ ಮೊನೊ ಆದದ್ದೇ ತಡ, ಭಾಷಣಕಾರರು ಮಾಯ! ಉಳಿದದ್ದು ಸುಯ್ಯೆನ್ನುವ ಸಣ್ಣ ಸದ್ದು ಮಾತ್ರ. ಅರ್ಧ ದಿನ ಎನ್‌ಕೋಡರಿಗೆ (ಕಡತವನ್ನು ಹಿಂಡುವ ತಂತ್ರಾಂಶಕ್ಕೆ) ಶಾಪ ಹಾಕಿದ ಮೇಲೆ ಅಲೆಗಳನ್ನು ಹಿಗ್ಗಿಸಿ ನೋಡಿದೆ: ಎಡಗಡೆಯದು ಏಳುವಲ್ಲೆಲ್ಲ ಬಲಗಡೆಯದು ಅಷ್ಟೇ ಇಳಿಯುತ್ತಿತ್ತು. ಮುದ್ರಿಸುವಾಗ ಯಾವುದೋ ತಂತಿ ಅದಲುಬದಲಾಗಿರಬೇಕು. ಕೂಡಿಸಿದರೆ ಸೊನ್ನೆಯಲ್ಲದೆ ಇನ್ನೇನು ಬಂದೀತು? ಎಡ ಚಾನೆಲನ್ನಷ್ಟೇ ಎತ್ತಿಕೊಂಡೆ, ಮಾತು ಮರಳಿತು.

ಈ ವಾರ ಎಂಪಿ3ಯನ್ನು ಬಿಟ್ಟು ಓಪಸ್‌ಗೆ ಬಂದೆ. ಧ್ವನಿಯನ್ನು ಹಿಂಡಿ ಮತ್ತೆ ಬಿಡಿಸುವ, 2012ರಲ್ಲಿ ಪ್ರಮಾಣಿತವಾದ ಈ ಕೋಡೆಕ್‌ನ ಒಳಗೆ ಮಾತಿಗೆಂದೇ ರೂಪಿಸಿದ ಸಿಲ್ಕ್ ಎಂಬ ಭಾಗವಿದೆ. ಅದು ಸ್ಕೈಪ್‌ನಿಂದ ಬಂದದ್ದು. ಎಷ್ಟು ಹಿಂಡಬಹುದೆಂಬ ಆಸೆಗೆ ಬಿದ್ದು ನೇರವಾಗಿ ಸೆಕೆಂಡಿಗೆ 8 ಕಿಲೋಬಿಟ್‌ಗೆ ಇಳಿಸಿದೆ. ಭಾಷಣಕಾರರು ‘ಹಲವು ಸಲ’ ಎಂದದ್ದು ‘ಹಲವು ಫಲ’ ಎಂದು ಕೇಳಿಸಿತು. ಆ ದರದಲ್ಲಿ ಓಪಸ್ 4,000 ಹರ್ಟ್ಸ್‌ನ ಮೇಲಿನದನ್ನು ಕೈಬಿಡುತ್ತದೆ, ಸಕಾರದ ಸೀಟಿಯ ಹೆಚ್ಚಿನ ಪಾಲು ಇರುವುದೇ ಅದರ ಮೇಲೆ. 16ಕ್ಕೆ ಏರಿಸಿದಾಗ ಸಕಾರ ಮರಳಿತು, ಆದರೆ ಫ್ಯಾನ್ ಸದ್ದಿರುವ ಕಡತಗಳಲ್ಲಿ ದನಿಗೆ ತಗಡಿನ ಗುಣ ಬಂತು. ಗದ್ದಲಕ್ಕೂ ಬಿಟ್ ಖರ್ಚಾಗುತ್ತದಲ್ಲ. 24ಕ್ಕೆ ನಿಂತೆ: ಗಂಟೆಗೆ 10.8 ಎಂಬಿ, ಒಟ್ಟು 650 ಎಂಬಿಯ ಆಸುಪಾಸು.

ಮೌನವನ್ನು ಕತ್ತರಿಸುವ ಫಿಲ್ಟರನ್ನೂ ಒಮ್ಮೆ ಹಾಕಿ ನೋಡಿದೆ. ಮೌನಕ್ಕೆ ಓಪಸ್ ಹೇಗೂ ಕಡಿಮೆ ಬಿಟ್ ಕೊಡುವುದರಿಂದ ಉಳಿತಾಯ ಅಷ್ಟಕ್ಕಷ್ಟೇ. ನಷ್ಟ ಮಾತ್ರ ದೊಡ್ಡದು: ಪ್ರಶ್ನೆ ಎಸೆದು, ಸಭೆಯನ್ನು ನಾಲ್ಕು ಕ್ಷಣ ಕಾಯಿಸಿ, ಆಮೇಲೆ ಉತ್ತರ ಹೇಳುವ ಆ ಭಾಷಣಕಾರರು ಉಸಿರು ಬಿಡದೆ ಪಾಠ ಒಪ್ಪಿಸುವ ಹುಡುಗನಂತೆ ಕೇಳಿಸಿದರು. ಫಿಲ್ಟರ್ ತೆಗೆದುಹಾಕಿದೆ.

ಇಂದಿಗೆ 41 ಗಂಟೆ ಮುಗಿದಿದೆ. ಮೂಲ ವೇವ್‌ಗಳನ್ನು ಅಳಿಸಿಲ್ಲ. ಏನೂ ಕಳೆಯದ ಫ್ಲಾಕ್ ರೂಪದಲ್ಲಿ ಬೇರೆ ಡಿಸ್ಕಿಗೆ ಸೇರಿಸುತ್ತಿದ್ದೇನೆ. ಎಂಪಿ3ಯಲ್ಲಷ್ಟೇ ಉಳಿದಿರುವ ಮೂರು ಉಪನ್ಯಾಸಗಳನ್ನು ಇನ್ನೊಮ್ಮೆ ಹಿಂಡುವುದಿಲ್ಲ, ಇದ್ದ ಹಾಗೆಯೇ ಇರಲಿ.