‘ಏನೂ ಇಲ್ಲ’ ಬಿಡಿಸುವುದು ಹೇಗೆ?

ಎರಡನೇ ತರಗತಿಯ ವೇಳಾಪಟ್ಟಿಯಲ್ಲಿ ಆ ಪೀರಿಯಡ್‌ಗೆ ‘ಚಿತ್ರಕಲೆ’ ಎಂದೇ ಹೆಸರಿತ್ತು. ಟೀಚರ್ ಕಥೆ ಓದುವುದು, ಅದರಲ್ಲಿನ ಒಂದು ಪ್ರಶ್ನೆಯನ್ನು ನಾವು ಚಿತ್ರವಾಗಿ ಬಿಡಿಸುವುದು, ಆಮೇಲೆ ಅದರ ಬಗ್ಗೆ ಚರ್ಚೆ. ನಡೆಯುತ್ತಿದ್ದದ್ದು ತತ್ತ್ವಶಾಸ್ತ್ರ ಎಂದು ನನಗೆ ಹೊಳೆದದ್ದು ಕಾಲೇಜು ಸೇರಿದ ಮೇಲೆ. ಮಕ್ಕಳ ತತ್ತ್ವಚಿಂತನೆಗೆಂದೇ 1974ರಲ್ಲಿ ಸಂಸ್ಥೆ ಕಟ್ಟಿದ ಅಮೆರಿಕದ ಮ್ಯಾಥ್ಯೂ ಲಿಪ್‌ಮನ್ ತಮ್ಮ ಕಥೆಗಳಿಗೆ ಚಿತ್ರ ಹಾಕಿಸಲು ಒಪ್ಪಲಿಲ್ಲ. ಮಕ್ಕಳು ತಾವೇ ಕಲ್ಪಿಸಿಕೊಳ್ಳಬೇಕಾದ್ದನ್ನು ನಾವು ಮಾಡಿಕೊಡಬಾರದು ಎಂಬುದು ಅವರ ವಾದ.

ನಮ್ಮ ಟೀಚರ್ ಚಿತ್ರಪುಸ್ತಕವನ್ನೂ ಬಿಡಲಿಲ್ಲ, ಈ ವಾದವನ್ನೂ ಬಿಡಲಿಲ್ಲ. ಪುಸ್ತಕವನ್ನು ಸರಿಯಾದ ಪುಟದಲ್ಲಿ ಮುಚ್ಚುತ್ತಿದ್ದರು. ಒಂದು ಕಥೆಯಲ್ಲಿ ಇಲಿಮರಿ ಡಬ್ಬಿಯೊಳಗೆ ಇಣುಕಿ ‘ಏನೂ ಇಲ್ಲ’ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮುಂದಿನ ಪುಟ ಕಂಡರೆ ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ.

ಸಾಮಾನು ಹೆಚ್ಚಿಲ್ಲ: ತಲೆಗೊಂದು ಅರ್ಧ ಎ4 ಹಾಳೆ, ದಪ್ಪ ಪೆನ್ಸಿಲ್, 2 ಕ್ರೇಯಾನ್. 24 ಬಣ್ಣದ ಡಬ್ಬಿ ಬಿಚ್ಚಿದರೆ ಆಕಾಶಕ್ಕೆ ನೀಲಿ ಬಳಿಯುವುದರಲ್ಲೇ ಹೊತ್ತು ಹೋಗುತ್ತದೆ. ರಬ್ಬರ್ ಬೇಡವೇ ಬೇಡ. ಮನಸ್ಸು ಬದಲಾದ ಗುರುತೂ ಅಳಿಸಿಹೋಗುತ್ತದೆ. ಗೀಟು ಹೊಡೆದು ಪಕ್ಕದಲ್ಲಿ ಮತ್ತೆ ಬಿಡಿಸಲಿ. 8 ನಿಮಿಷ ಮಾತಿಲ್ಲ. ಮಾತು ಮೊದಲು ಬಂದರೆ ಜೋರುಬಾಯಿಯವರು ಹೇಳಿದ್ದೇ ಎಲ್ಲರ ಹಾಳೆಗೂ ಇಳಿಯುತ್ತದೆ.

ಎಡವುವುದು ಹೆಚ್ಚಾಗಿ ಪ್ರಶ್ನೆಯಲ್ಲಿ. ‘ಪ್ರೀತಿ ಬಿಡಿಸಿ’ ಎಂದರೆ ತರಗತಿಯ ತುಂಬ ಕೆಂಪು ಹೃದಯ, ‘ನ್ಯಾಯ’ ಎಂದರೆ ತಕ್ಕಡಿ. ‘ಇಲಿ ಕಂಡ ಆ ಏನೂ ಇಲ್ಲ ಬಿಡಿಸಿ’ ಎಂದು ನೋಡಿ. ಒಂದು ಹಾಳೆ ಖಾಲಿ, ಒಂದು ಪೂರ್ತಿ ಕಪ್ಪು, ಒಂದರಲ್ಲಿ ಬರೀ ಡಬ್ಬಿ. ಜಗಳ ತಾನಾಗಿಯೇ ಹತ್ತಿಕೊಳ್ಳುತ್ತದೆ. ಡಬ್ಬಿ ಇದೆಯಲ್ಲ, ಅಂದಮೇಲೆ ಏನೋ ಇದೆ. ಕಪ್ಪೂ ಒಂದು ಬಣ್ಣವೇ. ಖಾಲಿ ಹಾಳೆಯಲ್ಲಿ ಹಾಳೆ ಇದೆ. ಹರಿದು ಹಾಕಿದರೆ? ಚೂರುಗಳಿವೆ!

ಇಂಥ ಹೊತ್ತಲ್ಲಿ ಟೀಚರ್ ಬಾಯಲ್ಲಿ ‘ಎಷ್ಟು ಚೆನ್ನಾಗಿದೆ!’ ಬಂತೋ, ಕೆಟ್ಟಿತು. ಮುಂದಿನ ವಾರದಿಂದ ಎಲ್ಲರೂ ಚೆಂದ ಮಾಡಲು ಹೊರಡುತ್ತಾರೆ. ‘ಈ ಗೆರೆ ಏನು?’ ಎಂದು ಕೇಳಿದರೆ ಸಾಕು. ಮಗು ಹೇಳಿದ್ದನ್ನು ತಿದ್ದದೆ, ಅದರ ಮಾತಲ್ಲೇ ಚಿತ್ರದ ಕೆಳಗೆ ಬರೆಯಬೇಕು. (ತಿದ್ದುವ ಚಾಳಿ ಬಿಡುವುದು ಮೇಷ್ಟ್ರುಗಳಿಗೆ ಎಲ್ಲಕ್ಕಿಂತ ಕಷ್ಟ.) ಚರ್ಚೆ 15 ನಿಮಿಷ ದಾಟಿದರೆ ಕಾಲುಗಳು ಕುಣಿಯತೊಡಗುತ್ತವೆ. ಆಗ ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಅದನ್ನೇ ಇನ್ನೊಮ್ಮೆ ಬಿಡಿಸುವುದು. ಕಿಟಕಿಯ ಬೆಳಕಿಗೆ ಹಿಡಿದರೆ ಎರಡು ಯೋಚನೆಯೂ ಒಂದರ ಮೇಲೊಂದು ಕಾಣುತ್ತವೆ.

ಮುಚ್ಚಿದ ಪುಸ್ತಕ ತೆರೆಯುವುದು ಇದೆಲ್ಲ ಆದ ಮೇಲೆ. ಚಿತ್ರಕಾರರು ಡಬ್ಬಿಯ ಒಳಗನ್ನು ಬೆಳ್ಳಗೆ ಬಿಟ್ಟಿದ್ದರೆ, ‘ಇವರೂ ಬರೀ ಹಾಳೆ ತೋರಿಸಿದ್ದಾರೆ ಟೀಚರ್’ ಎಂದು ತಕರಾರು ತೆಗೆಯಲು ಒಬ್ಬರಾದರೂ ಇರುತ್ತಿದ್ದರು.